ಬಾಯಿಗೂಡಿದ ವಯಸ್ಸು

ಹಲ್ಲು ನೋಡಿ ವಯಸ್ಸು ಹೇಳುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಇದನ್ನು ಹೇಳಿದರೆ ಹೆಂಗಸರು ನಗುವುದನ್ನು ನಿಲ್ಲಿಸಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರು ಹೆದರಬೇಕಾಗಿಲ್ಲ. ಇಪ್ಪತ್ತೈದರ ಹೊತ್ತಿಗೆ ಹಲ್ಲಿನ ಬೆಳವಣಿಗೆ ಮುಗಿದಿರುತ್ತದೆ; ಆಮೇಲಿನದು ಸವೆತ ಮತ್ತು ಹುಳುಕು, ಅದಕ್ಕೆ ಬೇರೆ ಡಾಕ್ಟರಿದ್ದಾರೆ. ನನ್ನ ಹತ್ತಿರ ಬರುವವರು ಹದಿನೆಂಟರ ಆಸುಪಾಸಿನವರು, ಅವರನ್ನು ಸಾಮಾನ್ಯವಾಗಿ ಪೊಲೀಸರೇ ಕರೆತರುತ್ತಾರೆ.

ಯಲಹಂಕದ ಕಡೆಯ ನಮ್ಮ ದಂತ ಕಾಲೇಜಿಗೆ ಆ ಹುಡುಗಿಯನ್ನೂ ಹಾಗೆಯೇ ಕರೆತಂದರು. ಹೆಸರಘಟ್ಟದ ಹತ್ತಿರದ ಹಳ್ಳಿ, ಹಸು ಸಾಕಿದ ಮನೆ. ತಾಯಿ ಇಲ್ಲ, ಸಾಕಿದವಳು ತಾಯಿಯ ತಾಯಿ. ಆ ಅಜ್ಜಿ ಮೊಮ್ಮಗಳನ್ನು ತನ್ನ ಕಿರಿಮಗನಿಗೇ, ಅಂದರೆ ಹುಡುಗಿಯ ಸೋದರಮಾವನಿಗೇ, ತಂದುಕೊಳ್ಳಲು ನಿಶ್ಚಯಿಸಿದ್ದಳು. ಯಾರೋ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ಇದು ಬಾಲ್ಯವಿವಾಹ ಎಂದಿದ್ದರು. ಮನೆಯಲ್ಲೇ ಹೆರಿಗೆ ಆಗಿದ್ದರಿಂದ ಜನನ ಪ್ರಮಾಣಪತ್ರ ಇರಲಿಲ್ಲ. ಓದಿದ ಶಾಲೆ ಮುಚ್ಚಿ ಆ ಜಾಗದಲ್ಲಿ ಪಿಜಿ ಎದ್ದಿತ್ತು. ಆಧಾರ್ ಕಾರ್ಡಿನ ತಾರೀಖು ಅಜ್ಜಿ ಬಾಯಿಗೆ ಬಂದಂತೆ ಹೇಳಿ ಬರೆಸಿದ್ದು. ಉಳಿದದ್ದು ಹಲ್ಲು.

"ಇವ್ಳಿಗೆ ಅದಿನೆಂಟು ತುಂಬೈತೆ ಕಣವ್ವ," ಎಂದಳು ಅಜ್ಜಿ, ನಾನು ಕೇಳುವ ಮೊದಲೇ. "ದನದ ಸಂತೇಲಿ ನಾವು ಅಲ್ಲು ನೋಡೇ ವಯಸ್ಸು ಯೋಳೋದು. ಇವ್ಳದು ಬಾಯಿಗೂಡೈತೆ, ನೋಡು."

ಹಾಗೆಂದವಳೇ ಹುಡುಗಿಯ ಕೆಳತುಟಿಯನ್ನು ಹೆಬ್ಬೆರಳಿನಿಂದ ಜಗ್ಗಿ ತೋರಿಸಿದಳು. ಹಲ್ಲೆಲ್ಲ ಬಂದು ಮುಗಿದ ಎತ್ತಿಗೆ ಬಾಯಿಗೂಡಿದೆ ಎನ್ನುತ್ತಾರೆ. ಹುಡುಗಿ ಗೋಡೆ ನೋಡುತ್ತಾ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿಯನ್ನು ಹೊರಗಿನ ಬೆಂಚಿಗೆ ಕಳಿಸಿದೆ. ನಮ್ಮ ಶಾಸ್ತ್ರವೂ ಹೆಚ್ಚುಕಮ್ಮಿ ಅದೇ, ಕರೆಂಟ್ ಬೇಕು ಅಷ್ಟೆ ಎಂದು ಆಕೆಗೆ ಹೇಳುವ ಅಗತ್ಯ ಕಾಣಲಿಲ್ಲ.

ಎಕ್ಸ್‌ರೇ ಯಂತ್ರದ ಪಟ್ಟಿಯ ಮೇಲೆ ಗದ್ದ ಇಟ್ಟು ನಿಲ್ಲಿಸುವಾಗ ಹುಡುಗಿ ಪಿಸುಗುಟ್ಟಿದಳು. "ಮೇಡಂ, ಕಮ್ಮಿ ಬರೀರಿ. ಹದಿನೇಳು ಅಂತ ಬರೀರಿ, ಸಾಕು."

"ಯಾಕೆ?"

"ಮಾವ ನನ್ನ ಎತ್ಕೊಂಡು ತಿರುಗ್ದೋನು ಮೇಡಂ, ಅಣ್ಣ ಇದ್ದಂಗೆ. ಅವನ್ನ ಹೆಂಗ್ ಮದುವೆ ಆಗ್ಲಿ? ಚಿಕ್ಕೋಳು ಅಂತಾದ್ರೆ ನಿಂತೋಗುತ್ತೆ."

ಸಹಾಯವಾಣಿಗೆ ಫೋನ್ ಮಾಡಿದ್ದು ಯಾರೆಂದು ನನಗೆ ಆಗ ಹೊಳೆಯಿತು. "ಮಾತಾಡಬೇಡ, ಚಿತ್ರ ಅಲ್ಲಾಡುತ್ತೆ" ಎಂದೆ.

ಚಿತ್ರ ಅಲ್ಲಾಡಲಿಲ್ಲ. ಆ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುವ ಹಲ್ಲೆಂದರೆ ಬುದ್ಧಿಹಲ್ಲು ಮಾತ್ರ. ಅದರ ಬೇರಿನ ತುದಿ ತೆರೆದಿದ್ದರೆ ಚಿಕ್ಕವಳಿರಬಹುದು ಎನ್ನಬಹುದು. ಮುಚ್ಚಿದ್ದರೆ ಹದಿನೆಂಟು ದಾಟಿರುವ ಸಾಧ್ಯತೆಯೇ ಹೆಚ್ಚು. ತೆರೆದಿರಲಪ್ಪಾ ಎಂದುಕೊಂಡೆ. ಇಷ್ಟು ವರ್ಷದ ಕೆಲಸದಲ್ಲಿ ಹಲ್ಲಿನ ಬೇರಿಗಾಗಿ ದೇವರನ್ನು ಕೇಳಿಕೊಂಡದ್ದು ಅದೇ ಮೊದಲು. ನಾಲ್ಕೂ ಬುದ್ಧಿಹಲ್ಲುಗಳ ಬೇರಿನ ತುದಿಗಳು ಮುಚ್ಚಿದ್ದವು. ಕೈಮೂಳೆಯ ಎಕ್ಸ್‌ರೇ ಕೂಡ ಅದನ್ನೇ ಹೇಳಿತು. ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಂಗಾದ್ರೆ ಮುಗೀತು ಬಿಡಿ" ಎಂದಳು.

"ಏನು ಮುಗೀತು?" ನನ್ನ ದನಿ ಬೇಕಾದ್ದಕ್ಕಿಂತ ಜೋರಾಯಿತು. "ಚಿಕ್ಕೋಳಾಗಿದ್ರೆ ನಿನ್ನ ಪರವಾಗಿ ಬೇರೆಯವ್ರು ಬೇಡ ಅನ್ಬೇಕಿತ್ತು. ಈಗ ನೀನೇ ಅನ್ಬಹುದು. ನೀನು ಒಪ್ಪದೆ ಯಾರೂ ಮದುವೆ ಮಾಡೋ ಹಾಗಿಲ್ಲ. ಹೊರಗೆ ಪೊಲೀಸ್ ಮೇಡಂ ಇದ್ದಾರೆ, ಅವರ ಮುಂದೇನೇ ಹೇಳು."

ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಹೊರಗೆ ಹೋದಳು, ಹಿಂದೆಯೇ ನಾನೂ.

ಹದಿನೆಂಟು ದಾಟಿದೆ ಎಂದು ನಾನು ಹೇಳಿದ್ದು ಕೇಳಿ ಅಜ್ಜಿ ಬೆಂಚಿನಿಂದ ಎದ್ದು ಮಹಿಳಾ ಪೇದೆಯ ಕಡೆ ತಿರುಗಿದಳು. "ನಾನ್ ಯೋಳ್ಲಿಲ್ವಾ? ಈಗ್ಲಾದ್ರೂ ಛತ್ರದೋರಿಗೆ ಫೋನ್ ಮಾಡ್ಲಾ?"

"ಹೂಂ ಅಜ್ಜಿ, ನಂಗೆ ಹದಿನೆಂಟಾಗಿದೆ," ಎಂದಳು ಹುಡುಗಿ. "ನಾನು ಮಾವನ್ನ ಮದುವೆ ಆಗಲ್ಲ."

ಪೇದೆ ಪೆನ್ನು ತೆಗೆದರು. ಅಜ್ಜಿ ಬಂದು ನನ್ನ ಕೈ ಹಿಡಿದುಕೊಂಡಳು.

"ಡಾಕ್ಟ್ರವ್ವಾ, ಇನ್ನೊಂದ್ ಕಿತ ಸರ್ಯಾಗಿ ನೋಡವ್ವ. ಎಳೇ ಕೂಸು ಅದು, ಅದಕ್ಕೇನ್ ತಿಳೀತೈತೆ?"