ಭತ್ತದ ಕಾಟಾದ ಮೇಲೆ ನನ್ನ ತಂಗಿ

ಕಳೆದ ಸೋಮವಾರ ಬೆಳಿಗ್ಗೆ ಸಿಂಧನೂರಿನಲ್ಲಿ ನನ್ನ ತಂಗಿಯನ್ನು ಭತ್ತ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ನಾನು ಅಲ್ಲೇ ಇದ್ದೆ.

ಕಾಟಾ ಗೊತ್ತಲ್ಲ? ರೈಸ್ ಮಿಲ್ಲಿನ ಬಾಗಿಲಲ್ಲಿ, ಚೀಲ ಇಳಿಸುವ ಜಾಗದಲ್ಲಿ ಇರುವ ಕಬ್ಬಿಣದ ತೂಕದ ಯಂತ್ರ. ಹಮಾಲರು ಚೀಲ ಇಡುತ್ತಾರೆ, ಗುಮಾಸ್ತ ಗುಂಡು ಸರಿಸಿ ತೂಕ ಕೂಗುತ್ತಾನೆ. ಆ ಮಿಲ್ಲು ತಂಗಿಯ ಗಂಡನ ಮನೆಯವರದೇ. ಲೀಲಾ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ತಲೆ ತಗ್ಗಿಸಿ ಹತ್ತಿದಳು. ನಮ್ಮ ಕಡೆ ಕಾಳು ತೂಗುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಗುಮಾಸ್ತನಿಗೆ ಬಾಯಿ ರೂಢಿ. “ಲಾಭಾ” ಅಂದುಬಿಟ್ಟ. ಹಮಾಲರು ಆ ಕಡೆ ತಿರುಗಿ ನಕ್ಕರು.

“ಚೀಲದ ತೂಕ ಕಳೀತಿ ಇಲ್ಲೋ? ಹಂಗ ಸೀರಿ ತೂಕಾನೂ ಕಳಿ,” ಅಂದರು ಅವಳ ಅತ್ತೆ.

(ಲೀಲಾ ಅನ್ನುವುದು ನಾನಿಟ್ಟ ಹೆಸರು. “ನನ್ನ ಹೆಸರ ಬರಿ ಅಕ್ಕಾ,” ಅಂದಿದ್ದಳು. ನನಗೇ ಧೈರ್ಯ ಬರಲಿಲ್ಲ.)

ನಾನು ಲಿಂಗಸುಗೂರಿನಲ್ಲಿ ಟೀಚರ್ ಅನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತು. ಬಾಯಿ ಸುಮ್ಮನಿರುವುದಿಲ್ಲ ಅನ್ನುವುದೂ ಗೊತ್ತು. “ಏನ್ರೀ ಅವ್ವಾರ ಇದು, ಹೆಣ್ಮಗಳನ್ನ ಇಷ್ಟು ಮಂದಿ ಮುಂದ...” ಅಂದೆ.

“ಮನ್ಯಾಗ ಕಾಟಾ ಇಟಗೊಂಡು ತೂಕ ಮಾಡಸಾಕ ಮಂದಿ ಹಂತ್ಯಾಕ ಹೋಗಬೇಕೇನವಾ? ನಾವೇನು ಹೊಡಿಯಾಕತ್ತೀವಾ, ಬಡಿಯಾಕತ್ತೀವಾ? ಡಾಕ್ಟರಮ್ಮ ಹೇಳ್ಯಾಳ, ಮಾಡಸಾಕತ್ತೀವಿ.”

ಡಾಕ್ಟರಮ್ಮ ಹೇಳಿದ್ದು ನಿಜ. ಏನು ಹೇಳಿದ್ದರು ಅನ್ನುವುದೇ ಈ ವಾರದ ಮಾತು.

ಲೀಲಾಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಹರಕೆ, ತಾಯತ, ನಾಟಿ ಔಷಧಿ ಎಲ್ಲಾ ಮುಗಿದ ಮೇಲೆ ಗಂಡಹೆಂಡಿರನ್ನು ರಾಯಚೂರಿಗೆ ಎಳೆದುಕೊಂಡು ಹೋದವಳು ನಾನೇ. ಡಾಕ್ಟರಮ್ಮ ಸಮಾಧಾನದಿಂದ ಕೂರಿಸಿ ಹೇಳಿದರು. ಟ್ರೀಟ್‌ಮೆಂಟ್ ಶುರು ಮಾಡುವ ಮುಂಚೆ ಲೀಲಾ ಸ್ವಲ್ಪ ತೂಕ ಇಳಿಸಬೇಕು. ತೂಕ ಹೆಚ್ಚಾದರೆ ಮುಟ್ಟು ಏರುಪೇರಾಗುತ್ತದೆ, ಔಷಧಿ ಸರಿಯಾಗಿ ಹತ್ತುವುದಿಲ್ಲ, ಬಸಿರು ನಿಂತರೂ ತೊಂದರೆ. ಅವಸರ ಬೇಡ, ನಿಧಾನಕ್ಕೆ ಇಳಿಯಲಿ. ಅನ್ನ ಕಡಿಮೆ, ಜೋಳದ ರೊಟ್ಟಿ, ಕಾಳು, ಸೊಪ್ಪು. ದಿನಾ ವಾಕಿಂಗ್. ಕಣ್ತುಂಬ ನಿದ್ದೆ.

ಆಮೇಲೆ ಲೀಲಾಳ ಗಂಡ, ನಮ್ಮ ಮನೆ ಅಳಿಯನ ಕಡೆ ತಿರುಗಿದರು. “ನೀವೂ ತೂಕ ಇಳಿಸಬೇಕು. ಸಿಗರೇಟು, ಕುಡಿತ ಎರಡೂ ಬಂದ್. ನಿಮ್ಮದೂ ಒಂದು ಟೆಸ್ಟ್ ಆಗಬೇಕು.” ಅಳಿಯ ತಲೆಯಾಡಿಸಿದ. ಚೀಟಿ ಕಿಸೆಗೆ ಹಾಕಿಕೊಂಡ.

ರಾಯಚೂರಿಗೂ ಸಿಂಧನೂರಿಗೂ ನಡುವೆ ಅವನ ಪಾಲಿನ ಮಾತು ಜೀಪಿನಿಂದ ಎಲ್ಲಿ ಬಿತ್ತೋ! ಮನೆ ಮುಟ್ಟಿದ್ದು ತಂಗಿಯ ಪಾಲು ಮಾತ್ರ.

ಅದನ್ನಾದರೂ ಮಾಡಲು ಬಿಟ್ಟರೇ? ರೊಟ್ಟಿಗೆ ಮೊದಲ ತಕರಾರು. ಕಾಲುವೆ ನೀರು ಬರುವ ಮುಂಚೆ ಈ ಸೀಮೆಯವರೆಲ್ಲ ಜೋಳ ತಿಂದೇ ಬೆಳೆದವರು. ಆ ಅತ್ತೆಯೂ ರೊಟ್ಟಿ ಬಡಿದ ಕೈಯವರೇ. ಈಗ ಮಿಲ್ಲು ಬಂದಿದೆ. ಮೂರು ಹೊತ್ತೂ ಬೆಳ್ಳನೆಯ ಅನ್ನ, ಮೇಲೆ ತುಪ್ಪ. “ಅಕ್ಕಿ ಮಿಲ್ಲಿನವರ ಸೊಸಿ ಕೂಲ್ಯಾರಂಗ ರೊಟ್ಟಿ ಕಡದ್ರ ಮಂದಿ ಏನಂದಾರು? ಸೊಸೀಗೆ ಅನ್ನ ಹಾಕಂಗಿಲ್ಲ ಅಂತಾರ,” ಅಂದರಂತೆ.

ಇನ್ನು ವಾಕಿಂಗ್. ಕಾಲುವೆ ದಂಡೆಯ ಮೇಲೆ ನಾಲ್ಕು ದಿನ ಹೋದಳು. ಐದನೆಯ ದಿನ ಬಳಗಾನೂರಿನ ಕಡೆಯ ನೆಂಟರೊಬ್ಬರು ಕಂಡರು. ಸಾವ್ಕಾರ್ರ ಸೊಸೆ ಜೀಪಿಲ್ಲದೆ ಒಬ್ಬಳೇ ಎಲ್ಲಿಗೆ ಹೊರಟಿದ್ದಳು ಅಂತ ಕೇಳಿದರು. ಮುಗಿಯಿತು. ಅವತ್ತಿನಿಂದ ವಾಕಿಂಗ್ ಅಂದರೆ ಹಿತ್ತಲಲ್ಲಿ ಬಾವಿಯಿಂದ ತುಳಸಿಕಟ್ಟೆಯವರೆಗೆ. (ಎಮ್ಮೆಯೂ ಅದಕ್ಕಿಂತ ಹೆಚ್ಚು ಓಡಾಡುತ್ತದೆ.)

ಬಂದವರೆಲ್ಲ ಗರ್ಭಕ್ಕೆ ಶಕ್ತಿ ಅಂತ ಅಂಟಿನುಂಡೆ ಕಟ್ಟಿಕೊಂಡು ಬರುತ್ತಾರೆ. ತಿಂದರೆ ಕಾಟಾ ಬೈಯುತ್ತದೆ. ಬಿಟ್ಟರೆ ಅತ್ತೆ ಬೈಯುತ್ತಾರೆ. ಏನು ಮಾಡಬೇಕು ಅವಳು?

ಆ ಮನೆಯಲ್ಲಿ ಊಟ ಬಿಡಲು ಮಂಜೂರಾತಿ ಸಿಗುವುದು ಒಂದೇ ಹೆಸರಿನಲ್ಲಿ. ಉಪವಾಸ! ಸೋಮವಾರ ಶಿವನಿಗೆ, ಶುಕ್ರವಾರ ದೇವಿಗೆ, ಶನಿವಾರ ಹನುಮಪ್ಪನಿಗೆ. ಆಮೇಲೆ ಗುರುವಾರವೂ ಸೇರಿತು. ಇದಕ್ಕೆ ಯಾರ ತಕರಾರೂ ಇಲ್ಲ. ಸೊಸೆಗೆ ಭಕ್ತಿ ಬಂತೆಂದು ಅತ್ತೆಗೆ ಹೆಮ್ಮೆ. ಪ್ರತಿ ಸೋಮವಾರ ಕಾಟಾದ ಗುಂಡು ಹಿಂದೆ ಹಿಂದೆ ಸರಿಯಿತು.

ಕಳೆದ ಸೋಮವಾರವೂ ಸರಿಯಿತು. “ಹೋದ ವಾರಕ್ಕಿಂತ ಕಡಿಮಿ ಐತ್ರಿ,” ಅಂತ ಗುಮಾಸ್ತ ಕೂಗಿದ. ಅತ್ತೆಯ ಮುಖ ಅರಳಿತು. ನಾನು ತಂಗಿಯ ಮುಖ ನೋಡಿದೆ. ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಕೆಳಗೆ ಕಾಲಿಟ್ಟವಳು ಹಾಗೇ ಕುಸಿದಳು. ಹಿಡಿದುಕೊಂಡೆ. ಏಳನೇ ಕ್ಲಾಸಿನ ಹುಡುಗಿಯಷ್ಟೂ ಬಲವಿರಲಿಲ್ಲ ಆ ಮೈಯಲ್ಲಿ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅವಳನ್ನು ಚೀಲದ ಮೇಲೆ ಕೂರಿಸಿ ನೀರು ಕುಡಿಸುತ್ತಿದ್ದಾಗ ಅಳಿಯ ಬಂದ. ಬೆರಳಲ್ಲಿ ಸಿಗರೇಟು. ವಾತಾವರಣ ತಿಳಿಯಾಗಲಿ ಅಂತಲೋ ಏನೋ, “ನಂದೂ ಒಂದು ನೋಡಲೇ,” ಅಂತ ಕಾಟಾ ಹತ್ತಿದ. ಗುಂಡು ಸರಿದೇ ಸರಿಯಿತು. “ಚಲೋ ತೂಗ್ತೀರಿ ಸಾವ್ಕಾರ್ರ!” ಅಂದ ಒಬ್ಬ ಹಮಾಲ. ಎಲ್ಲರೂ ನಕ್ಕರು. ಅವನೂ ಹೊಟ್ಟೆ ತಟ್ಟಿಕೊಂಡು ನಕ್ಕ.

“ಡಾಕ್ಟರಮ್ಮ ನಿಮಗೂ ಇಳಸರಿ ಅಂದಿದ್ರು. ಸಿಗರೇಟ್ ಬಿಡ್ರಿ ಅಂದಿದ್ರು. ಟೆಸ್ಟ್ ಏನಾತು?” ಅಂದೆ.

“ಅಕ್ಕಾರ, ಹೊಲ ಬೆಳೀಲಿಲ್ಲಂದ್ರ ಬೀಜಕ್ಕ್ಯಾಕ ಬಯ್ತೀರಿ?”

ಈ ಮಾತನ್ನು ಎಷ್ಟು ಗಂಡಸರ ಬಾಯಲ್ಲಿ ಕೇಳಿದ್ದೇನೋ! ಆದರೆ ಭತ್ತದವನು ನನ್ನ ಮುಂದೆ ಹೇಳಬಾರದಿತ್ತು. “ನೀವು ಸಸಿ ಹಾಕೋ ಮುಂಚೆ ಬೀಜ ಹಸಿ ಅರಿವ್ಯಾಗ ಕಟ್ಟಿ, ಮೊಳಕಿ ಬರ್ತೈತೋ ಇಲ್ಲೋ ನೋಡ್ತೀರಲ್ರಿ? ಅದನ್ನ ಯಾಕ ನೋಡ್ತೀರಿ?” ಅಂದೆ.

ಅಳಿಯ ಇಳಿದು ಒಳಗೆ ಹೋದ. ಹಮಾಲರು ಈ ಸಲ ನಗಲಿಲ್ಲ.

ಮರುದಿನವೇ ತಂಗಿಯನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಅಳಿಯನಿಗೆ ಮಿಲ್ಲಿನಲ್ಲಿ ಕೆಲಸವಿತ್ತಂತೆ, ಬರಲಿಲ್ಲ. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮೂರು ತಿಂಗಳಿಂದ ಮುಟ್ಟೇ ನಿಂತಿದೆ ಅಂತ ಅಲ್ಲಿ ಬಾಯಿಬಿಟ್ಟಳು. ಮನೆಯಲ್ಲಿ ಹೇಳಿದರೆ ಬಸಿರು ಅಂತ ಆಸೆಪಟ್ಟಾರು ಅಂತ ಹೇಳಿರಲಿಲ್ಲವಂತೆ!

“ಇಳಿಸು ಅಂದಿದ್ದೆ. ಒಣಗು ಅಂದಿರಲಿಲ್ಲ,” ಅಂದರು ಡಾಕ್ಟರಮ್ಮ. ಮೈಯಲ್ಲಿ ರಕ್ತವಿಲ್ಲ, ಈಗ ಟ್ರೀಟ್‌ಮೆಂಟ್ ಶುರು ಮಾಡುವಂತಿಲ್ಲ. ಮೊದಲು ಹೊಟ್ಟೆತುಂಬ ಸರಿಯಾದ ಊಟ, ಆರು ತಿಂಗಳು ಆರೈಕೆ. ಆಮೇಲೆ ಕೇಳಿದರು, “ಗಂಡನ ರಿಪೋರ್ಟ್ ಎಲ್ಲಿ?”

ಲೀಲಾ ಫ್ಯಾನ್ ನೋಡುತ್ತಾ ಕೂತಳು.

ಹೊರಗೆ ಬೆಂಚಿನ ಮೇಲೆ ವಳಕಮದಿನ್ನಿಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಭತ್ತ ನಾಟಿ ಮಾಡುವ ಕೂಲಿ, ಕಡ್ಡಿಯಂತಿದ್ದಳು. ಅವಳಿಗೂ ಮಕ್ಕಳಿಲ್ಲ. ತೂಕ ಸಾಲದು, ಹಾಲು, ಕಾಳು, ತತ್ತಿ ತಿಂದು ಮೈ ಹಿಡಿಸಿಕೊಂಡು ಬಾ ಅಂದಿದ್ದರಂತೆ. “ಎಲ್ಲಿಂದ ತರಲ್ರಿ ಅಕ್ಕಾರ?” ಅಂದಳು. ಬ್ಯಾಗಿನಲ್ಲಿದ್ದ ಅಂಟಿನುಂಡೆ ಡಬ್ಬಿಯನ್ನು ಲೀಲಾ ಸುಮ್ಮನೆ ಅವಳ ಕೈಗಿಟ್ಟಳು.

ಆರು ತಿಂಗಳು ಅನ್ನುವ ಮಾತು ಸಿಂಧನೂರು ಮುಟ್ಟಿದ ಸಂಜೆಯೇ ಅತ್ತೆ ಎಸ್‌ಟಿಡಿ ಬೂತಿಗೆ ಆಳು ಕಳಿಸಿದರು. ಮಸ್ಕಿಯಲ್ಲಿ ಒಂದು ಹುಡುಗಿಯನ್ನು ಮೊದಲೇ ಗೊತ್ತು ಮಾಡಿ ಇಟ್ಟಿದ್ದರು. ಮಗನಿಗೆ ಎರಡನೆಯ ಸಂಬಂಧ. ಕಾನೂನು ಅಂತೀರಾ? ನಾನೂ ಅಂದೆ. “ಕೋರ್ಟಿಗೆ ಹೋಗೋರು ಯಾರು, ನೀನಾ?” ಅಂದರು. ಲೀಲಾ ಕಡೆ ನೋಡಿದೆ. ಅವಳು ಬೇಡ ಅಂತ ಕಣ್ಣಲ್ಲೇ ಅಂದಳು. ಅವಳು ಬದುಕಬೇಕಾದ್ದು ಆ ಮನೆಯಲ್ಲಿ.

ಇಂಥ ಸಂಬಂಧ ಕುದುರಬೇಕಾದರೆ ಮೊದಲ ಹೆಂಡತಿ ಬಂದು, ನನ್ನ ಒಪ್ಪಿಗೆ ಇದೆ ಅಂತ ಹುಡುಗಿಯ ಕಡೆಯವರಿಗೆ ಬಾಯಿಬಿಟ್ಟು ಹೇಳಬೇಕು. ಶುಕ್ರವಾರ ಜೀಪಿನಲ್ಲಿ ಲೀಲಾಳನ್ನೂ ಮಸ್ಕಿಗೆ ಕರೆದೊಯ್ದರು. ಮಾತು ಮುಗಿದ ಮೇಲೆ ಅಕ್ಕನ ಮನೆಗೆ ಹೋಗಿ ಬರುತ್ತೇನೆ ಅಂತ ಹೇಳಿ, ಅಲ್ಲಿಂದಲೇ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಶುಕ್ರವಾರವಾದರೂ ತಿಂದಳು. ಎರಡು ರೊಟ್ಟಿ ತಿಂದ ಮೇಲೆ ಮಾತಾಡಿದಳು.

“ಹುಡುಗಿಗೆ ಹದಿನೆಂಟು ಆಗ್ಯಾವೋ ಇಲ್ಲೋ ಅಕ್ಕಾ. ಚಾ ತಂದು ಕೊಟ್ಳು.”

“ನೀ ಏನಂದಿ?”

“ಒಪ್ಪಿಗಿ ಐತಿ ಅಂದೆ. ಮತ್ತೇನಂತ ಅನ್ಲಿ?” ಇನ್ನೊಂದು ರೊಟ್ಟಿ ಮುರಿದಳು. “ಅಡಿಗಿಮನ್ಯಾಗ ಆಕಿ ಅವ್ವ ಒಬ್ಬಾಕೀನ ಇದ್ಳು. ಹೋಗಿ ಹೇಳಿದೆ. ಎವ್ವಾ, ಆತನ ಟೆಸ್ಟ್ ಇನ್ನೂ ಆಗಿಲ್ಲ. ನಾಳೆ ನಿನ್ನ ಮಗಳನ್ನೂ ಹಮಾಲರ ಮುಂದ ಕಾಟಾದ ಮ್ಯಾಲ ನಿಲ್ಲಸ್ತಾರ. ವಿಚಾರ ಮಾಡು ಅಂದೆ.”

“ಏನಂದ್ಳು?”

ಲೀಲಾ ತಟ್ಟೆಯಲ್ಲೇ ಕೈತೊಳೆದಳು.

“‘ನಿಲ್ಲಸ್ಲಿ ಬಿಡವಾ, ನಮ್ಮ ಹುಡುಗಿ ಹಗುರ ಅದಾಳ’ ಅಂದ್ಳು.”