ಕಾಫಿ ಮಷೀನಿನ ರಬ್ಬರು ಬಳೆ

ಮೊನ್ನೆ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಮುಂಜಾನೆ ಕಾಫಿ ಮಷೀನನ್ನು ಬಿಚ್ಚಿ ಒರೆಸಲು ಕೂತೆ. ಪುಡಿ ತುಂಬಿದ ಹಿಡಿಯನ್ನು ಸಿಕ್ಕಿಸುವ ಬಾಯಿ ಇರುತ್ತದಲ್ಲ, ಅದರೊಳಗಿನ ರಬ್ಬರು ಬಳೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿದರೆ, ಕಲ್ಲಿನಂತೆ ಗಟ್ಟಿಯಾಗಿ ಎರಡು ತುಂಡಾಗಿ ಕೈಗೆ ಬಂತು. ಬೆಂದ ರಬ್ಬರು, ಹಳೆಯ ಕಾಫಿಯ ಜಿಡ್ಡು ಎರಡೂ ಕೂಡಿದ ಕಮಟು ವಾಸನೆ. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಧಾರವಾಡದ ಆ ಹಿತ್ತಲ ಪಡಸಾಲೆ, ನೆಲಕ್ಕೆ ಹಾಸಿದ ಹಳೆಯ ಪೇಪರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತ ವೈನಿ... ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

ವೈನಿ ಅಂದರೆ ನಮ್ಮ ಮನೆ ಮಾಲಕರ ಹೆಂಡತಿ. ಕಾಲೇಜಿನಲ್ಲಿ ಪಾಠ ಹೇಳಲು ಧಾರವಾಡಕ್ಕೆ ಬಂದ ಹೊಸದರಲ್ಲಿ ನಾನು ಅವರ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾಲಕರದು ಅರಳೆ ವ್ಯಾಪಾರ, ಹತ್ತಿಯಿಂದ ಬೀಜ ಬಿಡಿಸುವ ಸ್ವಂತದ್ದೊಂದು ಜಿನ್ನಿಂಗ್ ಗಿರಣಿ. ಮನೆಯಲ್ಲಿ ಚಾದ ಪಾತೇಲಿ ಒಲೆಯಿಂದ ಇಳಿದದ್ದನ್ನು ನಾನು ಕಾಣೆ. ನಮ್ಮ ಕಡೆ ಚಾ ಬೇಡ ಅಂದವರನ್ನು, ಮೈಯಲ್ಲಿ ಆರಾಮಿಲ್ಲವೇ ಎಂದು ವಿಚಾರಿಸುತ್ತಾರೆ. ಅಂಥ ಮನೆಯ ಸೊಸೆಯಾದ ವೈನಿ, ತಮ್ಮ ಮಗಳ ಜೊತೆ ಹುಬ್ಬಳ್ಳಿಗೆ ಹೋದಾಗ ಒಂದು ಕಾಫಿ ಅಂಗಡಿಯಲ್ಲಿ ಎಸ್ಪ್ರೆಸೊ ಕುಡಿದು ಬಂದರು. ಬಂದವರೇ ಇದನ್ನು ಮನೆಯಲ್ಲೇ ಮಾಡಬೇಕು ಎಂದು ಹಟ ಹಿಡಿದರು. ಐವತ್ತು ದಾಟಿದ ಮೇಲೆ ಮೊದಲ ಸಲ ತನಗಾಗಿ ಏನೋ ಬೇಕು ಅಂದಿದ್ದರು, ಅದೂ ಇಂಥದ್ದು!

ಮಷೀನು ಆರಿಸಲು ನನ್ನನ್ನೂ ಹುಬ್ಬಳ್ಳಿಗೆ ಕರೆದೊಯ್ದರು. ಅಂಗಡಿಯವನು, ಗುಂಡಿ ಒತ್ತಿದರೆ ಎಲ್ಲವನ್ನೂ ತಾನೇ ಮಾಡುವ ಬಣ್ಣದ ಪರದೆಯ ಮಷೀನೊಂದನ್ನು ಮುಂದಿಟ್ಟು ಹೊಗಳಿದ್ದೇ ಹೊಗಳಿದ್ದು. ವೈನಿ ಸಮಾಧಾನದಿಂದ ಕೇಳಿಸಿಕೊಂಡು, "ಇದರ ರಬ್ಬರ್ ಸವದ್ರ ಇಲ್ಲೇ ಸಿಗತೈತೇನ್ರಿ? ನಾನ ಬಿಚ್ಚಿ ಹಾಕಾಕ ಬರತೈತೇನು?" ಎಂದರು. ಕಂಪನಿಯವರು ಬಂದು ಮಾಡಿಕೊಡುತ್ತಾರೆ ಎಂದ ಅವನು. ಅಷ್ಟಕ್ಕೇ ಅದು ಅವರ ಮನಸ್ಸಿನಿಂದ ಇಳಿದುಹೋಯಿತು. ಒಂದು ಬೆಲ್ಟು ಸಿಗದೆ ಗಿರಣಿ ನಿಂತು, ಸುಗ್ಗಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಬಾಗಿಲಲ್ಲಿ ಸಾಲುಗಟ್ಟಿದ್ದನ್ನು ಕಂಡವರು ಅವರು. ಮೂಲೆಯಲ್ಲಿದ್ದ, ಒಂದೇ ಬಾಯ್ಲರಿನ, ನಾಲ್ಕು ಸ್ಕ್ರೂ ತೆಗೆದರೆ ಹೊಟ್ಟೆ ಕಾಣುವ ಸಾದಾ ಸ್ಟೀಲಿನ ಮಷೀನನ್ನು ಆರಿಸಿದರು. ಜೊತೆಗೆ ಒಂದು ಹಿಡಿ ರಬ್ಬರು ಬಳೆಗಳನ್ನು ಕಟ್ಟಿಸಿಕೊಂಡರು.

ಉಳಿದ ಹಣವನ್ನೆಲ್ಲ ಬೀಜ ಬೀಸುವ ಗ್ರೈಂಡರಿಗೆ ಹಾಕಿದಾಗ ನಾನು, ಇದಕ್ಕೆ ಇಷ್ಟೇಕೆ ವೈನಿ ಎಂದೆ. "ಹಿಟ್ಟ ಸರಿ ಇಲ್ಲಂದ್ರ ರೊಟ್ಟಿ ಹರೀತಾವು ತಂಗಿ. ಆಗ ಒಲಿಗೆ ಬೈದ್ರ ಏನ್ ಬಂತು?" ಅಂದರು. ವಾಪಸು ಬರುವಾಗ ಬಸ್ಸು ಅರ್ಧ ದಾರಿಯ ರಾಯಾಪುರ ದಾಟುವವರೆಗೂ ಗ್ರೈಂಡರಿನ ಡಬ್ಬದ ಮೇಲಿನ ಕೈ ತೆಗೆಯಲಿಲ್ಲ. ಬೀಸಿಸಿ ತಂದ ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುವ ಹಾಗೆಯೇ ಮುಂದೆ ಕಾಫಿಪುಡಿಯನ್ನೂ ತಿಕ್ಕಿ ನೋಡುತ್ತಿದ್ದರು.

ಅವರ ಅತ್ತೆ ಮಷೀನನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಪಡಸಾಲೆಯ ಕಟ್ಟೆಯೇ ಅದಕ್ಕೆ ಗತಿಯಾಯಿತು. ಮಾಲಕರಂತೂ ನಕ್ಕು, "ಒಮ್ಮಿ ಕೆಟ್ಟು ನಿಂತ್ರ ಸೀದಾ ಗುಜರಿಗೆ ನೋಡ" ಎಂದು ಮೊದಲ ದಿನವೇ ಹೇಳಿಬಿಟ್ಟರು. ವೈನಿ ಅದನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ಬೋರಿನ ನೀರು ಪಾತ್ರೆಗೆ ಬಿಳಿ ಹಕ್ಕಳೆ ಕಟ್ಟಿಸುತ್ತದೆಂದು ಮಷೀನಿಗೆ ನಳದ ನೀರನ್ನೇ ಬೇರೆ ಕೊಡದಲ್ಲಿ ಹಿಡಿದಿಡುತ್ತಿದ್ದರು. ನಮ್ಮಲ್ಲಿ ನಳ ಬರುವುದೇ ಒಂದು ಸಂಭ್ರಮ. ಮನೆಯವರೆಲ್ಲ ಹಂಡೆ ತುಂಬುವ ಗಡಿಬಿಡಿಯಲ್ಲಿದ್ದರೆ ಇವರಿಗೆ ತಮ್ಮ ಕೊಡದ್ದೇ ಚಿಂತೆ. ಹಾಲು ಕಾಸಿದ ಕೂಡಲೇ ಉಗಿ ಕೊಳವೆಯನ್ನು ಒರೆಸುವರು, ಹಿಡಿಯನ್ನು ತೊಳೆದು ಬೋರಲು ಹಾಕುವರು. ಸುಸ್ತಾದರೂ ಒಂದು ದಿನ ತಪ್ಪಿಸಲಿಲ್ಲ.

ಆ ವರ್ಷ ದಸರೆ ಬಂತು. ಬನ್ನಿ ಕೊಡಲು ಬಂದವರಿಗೆಲ್ಲ ಈ ಸಲ ತನ್ನದೇ ಕಾಫಿ ಎಂದು ವೈನಿ ನೆಂಟರಿಗೆಲ್ಲ ಸಾರಿಬಿಟ್ಟಿದ್ದರು. ಹಿಂದಿನ ದಿನ ಖಂಡೆಪೂಜೆ. ವೈನಿ ಗಿರಣಿಯ ಪೂಜೆಗೆ ಹೋಗಿದ್ದಾಗ ಅವರ ಅತ್ತೆ ಕುಡಗೋಲು, ಹೊಲಿಗೆ ಯಂತ್ರ, ಸ್ಕೂಟರು ಎಲ್ಲಕ್ಕೂ ವಿಭೂತಿ ಹಚ್ಚುತ್ತ ಪಡಸಾಲೆಗೆ ಬಂದರಂತೆ. ಇದೊಂದನ್ನೇ ಬಿಡಲು ಆ ಮುದುಕಿಗೆ ಮನಸ್ಸಾಗಲಿಲ್ಲ. ಒದ್ದೆ ವಿಭೂತಿಯನ್ನು ಮಷೀನಿನ ಬಾಯಿಗೂ ಉಗಿ ಕೊಳವೆಯ ತುದಿಗೂ ದಪ್ಪಗೆ ಬಳಿದು, ಕಾಯಿ ಒಡೆದು, ಅದರ ನೀರನ್ನು ಗ್ರೈಂಡರಿನ ಮೇಲೆ ಭಕ್ತಿಯಿಂದ ಸುರಿದರು.

ಮರುದಿನ ಮುಂಜಾನೆ ಗ್ರೈಂಡರು ಗುರ್ ಎಂದು ಸುಮ್ಮನಾಯಿತು. ಮಷೀನಿನಿಂದ ಹನಿ ನೀರು ಬರಲಿಲ್ಲ. ಮಾಲಕರು ಬಾಗಿಲಲ್ಲಿ ನಿಂತು, "ಬಿಡ, ಚಾ ಮಾಡಿದ್ರಾತು. ನಾಳಿ ಗುಜರಿಯಂವ ಬರ್ತಾನ" ಎಂದರು. ವೈನಿಯ ಮುಖ ಒಂದು ಕ್ಷಣ ಕೆಂಪಾಯಿತು. "ಜಿನ್ನು ನಿಂತಾಗ ಗುಜರಿಗೆ ಕೊಟ್ಟಿದ್ರೇನ್ರಿ?" ಎಂದಷ್ಟೇ ಕೇಳಿ, ಪೇಪರು ಹಾಸಿ ಕೂತರು.

ಬಿಚ್ಚುತ್ತ ಹೋದ ಹಾಗೆ ಏನಾಗಿದೆ ಎಂಬುದು ಎಲ್ಲರಿಗೂ ಕಾಣತೊಡಗಿತು. ಗ್ರೈಂಡರಿನ ಹಲ್ಲುಗಳ ನಡುವೆ ಹಸಿ ಪುಡಿ ಕೆಸರಾಗಿ ಕೂತಿತ್ತು, ಮಷೀನಿನ ಬಾಯಿಯ ಜರಡಿಯ ತೂತುಗಳಲ್ಲಿ ವಿಭೂತಿ ಗಟ್ಟಿಯಾಗಿತ್ತು. ಅತ್ತೆ ಗೋಡೆ ಹಿಡಿದು ನಿಂತು, "ನನ್ನ ಕೈಯಾರ ಹಾಳಾತೇನ?" ಎಂದರು. ವೈನಿ ತಲೆ ಎತ್ತಿ, "ಹಾಳೇನ್ ಆಗಿಲ್ರಿ ಅತ್ತಿ. ನೀವು ಕೈ ಮುಗದ್ರಿ, ಇನ್ನ ಇದು ಈ ಮನಿದಾತು" ಅಂದರು. ಹಲ್ಲುಜ್ಜುವ ಬ್ರಷ್ಷು, ಒಣ ಬಟ್ಟೆ, ರವಿಕೆ ಹೊಲಿಯುವ ಸೂಜಿ... ಇಷ್ಟರಲ್ಲೇ ಒಂದೊಂದು ತೂತನ್ನೂ ಬಿಡಿಸಿದರು. ಹೊಸ ರಬ್ಬರು ಬಳೆ ಹಾಕಿ, ಎಲ್ಲ ಮತ್ತೆ ಜೋಡಿಸಿ ಸ್ವಿಚ್ಚು ಒತ್ತಿದಾಗ ಮಧ್ಯಾಹ್ನ ಇಳಿದಿತ್ತು. ಜೇನಿನ ಬಣ್ಣದ ಸಣ್ಣ ಧಾರೆ ಕಪ್ಪಿಗೆ ಬಿತ್ತು. ಮಾಲಕರು ಸ್ಕ್ರೂಡ್ರೈವರನ್ನು ತಾವೇ ಒರೆಸಿ ಎತ್ತಿಟ್ಟರು.

ಮೊದಲ ಕಪ್ಪು ಅತ್ತೆಗೆ. ಅವರು ಗುಟುಕರಿಸಿ, ಮುಖ ಹಿಂಡಿ, "ಬೇವಿನ ಕಷಾಯ ಆಗೇತಿ" ಎಂದರು. ಆದರೆ ಸಂಜೆ ಬನ್ನಿ ಕೊಡಲು ಬಂದ ಪ್ರತಿಯೊಬ್ಬರಿಗೂ ಅದೇ ಬಾಯಿಂದ, "ನಮ್ಮ ಸೊಸಿ ಮಷೀನ್ ಬಿಚ್ಚಿ ಜೋಡಸ್ತಾಳ್ರಿ!" ಎಂದು ಹೇಳಿದ್ದೇ ಹೇಳಿದ್ದು. ಮರುದಿನ ಮಷೀನು ಅಡುಗೆಮನೆಯೊಳಗೆ ಬಂತು. ನಾನು ಆ ಮನೆಯವಳಲ್ಲ, ಬಾಡಿಗೆಯವಳು. ಆದರೂ ಆ ದಿನದ ಹೆಮ್ಮೆ ಇವತ್ತಿಗೂ ನನ್ನದೇ ಎಂಬಂತೆ ಎದೆಯಲ್ಲಿದೆ.

ಎಷ್ಟೋ ವರ್ಷಗಳ ಮೇಲೆ ವೈನಿಯ ಬೆರಳ ಗಂಟುಗಳು ಊದಿ, ಹಿಡಿ ತಿರುಗಿಸಲು ಆಗದಾಯಿತು. ಹುಬ್ಬಳ್ಳಿಗೆ ಬಂದು ಸಂಸಾರ ಹೂಡಿದ್ದ ನನ್ನನ್ನು ಕರೆಸಿದರು. ಮಷೀನು ಕೊಡುವ ಮೊದಲು ನನ್ನ ಕೈಯಿಂದ ಪೂರ್ತಿ ಬಿಚ್ಚಿಸಿ, ಮತ್ತೆ ಜೋಡಣೆ ಮಾಡಿಸಿ ನೋಡಿದರು. ಆಮೇಲೆ ಉಳಿದ ರಬ್ಬರು ಬಳೆಗಳ ಡಬ್ಬಿಯನ್ನೂ ಕೈಗಿಟ್ಟು, "ಜ್ವಾಕಿ ಅಂತ ಕೂಡಿಡಬ್ಯಾಡ ತಂಗಿ. ಡಬ್ಬ್ಯಾಗಿದ್ರೂ ರಬ್ಬರ್ ಗಟ್ಟಿ ಆಗತೈತಿ. ಹಾಕಿಬಿಡ" ಎಂದರು. ಹೋದ ವರ್ಷ ಅವರು ತೀರಿಕೊಂಡರು.

ಮೊನ್ನೆ ಡಬ್ಬಿ ತೆಗೆದರೆ ಒಂದೇ ಬಳೆ ಉಳಿದಿತ್ತು. ಇಂಥದ್ದು ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ವೈನಿ ತಮ್ಮ ಕೈಯಿಂದ ಆರಿಸಿ ಕಟ್ಟಿಸಿಕೊಂಡದ್ದು ಇದೇ ಕೊನೆಯದು. ಹೊಸದು ತರಿಸಿ, ಇದನ್ನು ಹಾಗೇ ಇಟ್ಟುಕೊಳ್ಳಲೇ... ಎಂದು ಬಹಳ ಹೊತ್ತು ಹಿಡಿದು ಕೂತೆ. ಬೆರಳಲ್ಲಿ ಒತ್ತಿದೆ. ಇನ್ನೂ ಮೆತ್ತಗಿತ್ತು.

ಹಾಕಿಬಿಟ್ಟೆ. ಹಿಡಿ ತಿರುಗಿಸಿದರೆ ಬಿಗಿಯಾಗಿ, ನಿಲ್ಲಬೇಕಾದ ಕಡೆಗೇ ಬಂದು ನಿಂತಿತು. ವಿಭೂತಿಯನ್ನು ಮಷೀನಿನ ಹಿಂದಿನ ತಗಡಿಗಷ್ಟೇ ಹಚ್ಚಿ, ಕಾಯಿಯನ್ನು ಬಾಗಿಲ ಹೊರಗೆ ಒಡೆದೆ. ವೈನಿಯ ಡಬ್ಬಿ ಖಾಲಿಯಾಯಿತು. ಮಷೀನು ನಿಂತಿಲ್ಲ.