ಗುಂಡ್ಲುಪೇಟೆಯಿಂದ ಬಂದ ಮಣ್ಣು

2005ರ ಮಳೆಗಾಲದಲ್ಲಿ ಚಾಮರಾಜನಗರದ ನಮ್ಮ ಗರಡಿಯ ಸೂರು ಕುಸಿದು, ಅಖಾಡದ ಕೆಮ್ಮಣ್ಣೆಲ್ಲ ಕೊಚ್ಚಿಹೋಯಿತು. ಮಣ್ಣಿಲ್ಲದ ಗರಡಿ ಮುಚ್ಚುವುದೇ ಸರಿ ಎಂದರು ಹಲವರು. ಕುಸ್ತಿ ಕಲಿಸುತ್ತಿದ್ದ ಉಸ್ತಾದರು ಮಾತ್ರ ಎಂದಿನಂತೆ ಬೆಳಿಗ್ಗೆ ಬಂದು, ಜಜ್ಜಿಹೋದ ಕಿವಿಯನ್ನು ಸವರಿಕೊಳ್ಳುತ್ತಾ ಕೂರುತ್ತಿದ್ದರು. ಆ ಕಿವಿಯನ್ನು ಜಜ್ಜಿದವರು ಗುಂಡ್ಲುಪೇಟೆಯ ಪೈಲ್ವಾನರೊಬ್ಬರು, ಉಸ್ತಾದರ ಹಳೆಯ ಎದುರಾಳಿ. ಅವರಿಬ್ಬರ ಕುಸ್ತಿಗಳ ಮಾತೆತ್ತಿದರೆ ಉಸ್ತಾದರದು ಒಂದೇ ಉತ್ತರ: "ಅವ್ನಿಲ್ದಿದ್ರೆ ನಾನ್ಯಾವ ಪೈಲ್ವಾನ ಕಣ್ಲಾ?"

ಒಂದು ದಿನ ಆ ಎದುರಾಳಿಯೇ ಎಣ್ಣೆ, ಅರಿಶಿನ ಬೆರೆಸಿ ಹದಮಾಡಿದ ತಮ್ಮ ಗರಡಿಯ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಬಂದರು. ಉಸ್ತಾದರು ಒಂದು ಹಿಡಿ ತೆಗೆದು ಅವರ ಭುಜಕ್ಕೆ ಸವರಿದರು. ಅದು ಕುಸ್ತಿಗೆ ಕರೆಯುವ ಕ್ರಮ.

"ಮಂಡಿ ಬಗ್ಗಕಿಲ್ಲ, ಇನ್ನೂ ಆಸೆ ಬುಟ್ಟಿಲ್ವೇನ್ಲಾ?" ಎಂದು ಬಂದವರು ನಕ್ಕರು.

"ಎದ್ರುಕೆ ಅಂತ ಒಪ್ಕೊ, ಬುಟ್ಬುಡ್ತೀನಿ," ಎಂದರು ಉಸ್ತಾದರು.

ಆ ಮಣ್ಣಿನಲ್ಲಿ ಈಗಲೂ ಬೆಳಗಿನ ತಾಲೀಮು ನಡೆಯುತ್ತಿದೆ.